ಫೋರ್ಟ್‌ನೈಟ್‌ನಲ್ಲಿ ಕೋಟೆ ಎಲ್ಲಿದೆ?

ಓದುಗರ ಪತ್ರ: ಇಂಗ್ಲಿಷ್‌ನಲ್ಲಿ ಎರಡು ವಾರಕ್ಕೆ ‘ಫೋರ್ಟ್‌ನೈಟ್’ ಅಂತಾರಲ್ಲ, ದಿನದ ಲೆಕ್ಕದಲ್ಲಿ ರಾತ್ರಿ ಯಾಕೆ ಬಂತು? ಕೋಟೆ ಕಾಯುವವರ ಪಾಳಿಯಿಂದ ಬಂದಿದ್ದಾ? ಅದು ವಿಡಿಯೊ ಗೇಮ್‌ ಹೆಸರು ಅಂತ ನನ್ನ ಮಗನ ವಾದ.

ಸಂಪಾದಕರ ಉತ್ತರ: ಮಗನ ವಾದ ಮೊದಲು ಮುಗಿಸೋಣ. ಆ ಗೇಮ್ ಬಂದಿದ್ದು 2017ರಲ್ಲಿ. ಕೋಟೆ ಕಟ್ಟಿಕೊಂಡು ಆಡುವ ಆಟ ಅಂತ ಹಳೇ ಪದವನ್ನೇ ತಿರುಚಿ ಹೆಸರಿಟ್ಟರು.

ಪದದಲ್ಲಿ ಮಾತ್ರ ಕೋಟೆ ಇಲ್ಲ. ಹಳೆಯ ಇಂಗ್ಲಿಷ್‌ನಲ್ಲಿ ಅದು ‘ಫೇಓವರ್‌ಟೀನೆ ನಿಹ್ಟ್’, ಅಂದರೆ ಹದಿನಾಲ್ಕು ರಾತ್ರಿ. ಬಾಯಿಂದ ಬಾಯಿಗೆ ಸವೆದು ‘ಫೋರ್ಟೀನ್’ ಬರೀ ‘ಫೋರ್ಟ್’ ಆಯಿತು. ಹದಿನಾಲ್ಕು ರಾತ್ರಿ ಅಂದಮೇಲೆ ಕೊನೆಗೆ ‘ನೈಟ್ಸ್’ ಇರಬೇಕಿತ್ತು ಅಲ್ವಾ? ಆಗಿನ ಇಂಗ್ಲಿಷ್‌ನಲ್ಲಿ ಈ ಪದಕ್ಕೆ ಏಕವಚನ, ಬಹುವಚನ ಎರಡೂ ಒಂದೇ. ಆ ಹಳೇ ರೂಪ ಹಾಗೇ ಉಳಿದುಕೊಂಡಿದೆ.

ಇನ್ನು ರಾತ್ರಿ ಯಾಕೆ? ಆ ಜನ ಎಣಿಸುತ್ತಿದ್ದದ್ದೇ ರಾತ್ರಿಗಳನ್ನು. ರೋಮಿನ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 98ರ ಸುಮಾರಿಗೆ ಜರ್ಮನ್ ಬುಡಕಟ್ಟುಗಳ ಬಗ್ಗೆ ಬರೆಯುತ್ತಾ, ಇವರು ನಮ್ಮಂತೆ ಹಗಲು ಎಣಿಸುವುದಿಲ್ಲ, ರಾತ್ರಿ ಎಣಿಸುತ್ತಾರೆ ಎಂದಿದ್ದಾನೆ. ಅವರು ಸಭೆ ಸೇರುತ್ತಿದ್ದದ್ದೂ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಹೊತ್ತಿಗೆ. ಚಂದ್ರನನ್ನು ನೋಡಿ ದಿನ ಗೊತ್ತುಮಾಡುವವರು ಹಗಲನ್ನು ಕಟ್ಟಿಕೊಂಡು ಏನು ಮಾಡ್ತಾರೆ? ಇಂಗ್ಲಿಷರ ಪೂರ್ವಿಕರಾದ ಆಂಗ್ಲರು, ಸ್ಯಾಕ್ಸನರು ಇದೇ ಗುಂಪಿನವರು. ಈಗಿನ ಫ್ರಾನ್ಸ್ ಕಡೆಯ ಗಾಲ್ ಜನರ ಬಗ್ಗೆ ಜೂಲಿಯಸ್ ಸೀಸರ್ ಇನ್ನೂ ಮೊದಲೇ ಇದನ್ನು ಬರೆದಿದ್ದ: ತಾವು ಪಾತಾಳದ ದೇವರ ಸಂತಾನ ಅಂತ ಅವರ ನಂಬಿಕೆ. ಹಾಗಾಗಿ ಹುಟ್ಟುಹಬ್ಬಕ್ಕೂ ರಾತ್ರಿ ಮೊದಲು, ಹಗಲು ಆಮೇಲೆ. ನಮ್ಮ ನವರಾತ್ರಿಯ ಲೆಕ್ಕವೂ ರಾತ್ರಿಯದೇ ನೋಡಿ.

ಈ ಪದಕ್ಕೊಬ್ಬ ತಮ್ಮನೂ ಇದ್ದ: ‘ಸೆನೈಟ್’, ಏಳು ರಾತ್ರಿ, ಅಂದರೆ ವಾರ. ಜೇನ್ ಆಸ್ಟಿನ್ ಕಾದಂಬರಿಗಳಲ್ಲಿ ಸಿಗುತ್ತಾನೆ, ಆಮೇಲೆ ‘ವೀಕ್’ ಎದುರು ನಿಲ್ಲಲಿಲ್ಲ. ಪಕ್ಕದ ವೇಲ್ಸ್‌ನ ಭಾಷೆಯಲ್ಲಿ ಇಂದಿಗೂ ವಾರ ಅಂದರೆ ‘ಎಂಟು ರಾತ್ರಿ’, ಎರಡು ವಾರ ಅಂದರೆ ‘ಹದಿನೈದು ರಾತ್ರಿ’. ಮೊದಲ ದಿನ, ಕೊನೆಯ ದಿನ ಎರಡನ್ನೂ ಎಣಿಸುತ್ತಾರೆ. ಎರಡು ವಾರಕ್ಕೆ ನಾವೂ ‘ಹದಿನೈದು ದಿನ’ ಅಂತೀವಲ್ಲ, ಹಾಗೇ.

ಒಂದು ಕಿವಿಮಾತು. ಅಮೆರಿಕದವರಿಗೆ ಮೇಲ್ ಬರೆಯುವಾಗ ‘ಫೋರ್ಟ್‌ನೈಟ್’ ಬೇಡ. ಅಲ್ಲಿ ಬಳಕೆ ತೀರಾ ಕಡಿಮೆ, ಮೊದಲು ನೆನಪಾಗುವುದು ನಿಮ್ಮ ಮಗನ ಗೇಮೇ. ‘ಬೈವೀಕ್ಲಿ’ ಅಂತಲೂ ಬರೆಯಬೇಡಿ. ವಾರಕ್ಕೆ ಎರಡು ಸಲವೋ, ಎರಡು ವಾರಕ್ಕೊಮ್ಮೆಯೋ ಅಂತ ಇಂಗ್ಲಿಷರಿಗೇ ಗೊಂದಲ. ಸುಮ್ನೆ ‘ಟೂ ವೀಕ್ಸ್’ ಅನ್ನಿ.