ಗಿನಿಪಿಗ್ ಕತೆ ಸಾಕು ಮಾಡಿ

ಪ್ರಶ್ನೆ: ಇಂಗ್ಲೆಂಡಿನ ಹಳೇ ಚಿನ್ನದ ನಾಣ್ಯಕ್ಕೆ 'ಗಿನಿ' ಅನ್ನೋ ಹೆಸರು ಹೇಗೆ ಬಂತು? ಆಗ ಒಂದು ಗಿನಿಪಿಗ್‌ ಬೆಲೆ ಒಂದು ಗಿನಿ ಇತ್ತಂತೆ, ನಿಜವೇ?

ಉತ್ತರ: ಮತ್ತೆ ಅದೇ ಗಿನಿಪಿಗ್! ಒಂದು ಗಿನಿ ಬೆಲೆ ಇದ್ದಿದ್ದಕ್ಕೇ ಪ್ರಾಣಿಗೆ ಆ ಹೆಸರು ಬಂತು ಅನ್ನೋ ಕತೆ ನಿಲ್ಲುವುದಿಲ್ಲ. ಗಿನಿ ನಾಣ್ಯ ಮೊದಲು ಅಚ್ಚಾಗಿದ್ದು 1663ರಲ್ಲಿ. ಪ್ರಾಣಿಯ ಆ ಹೆಸರು 1653ರಲ್ಲೇ ಇಂಗ್ಲಿಷ್ ಬರಹದಲ್ಲಿ ಸಿಗುತ್ತದೆ. ಇನ್ನೂ ಹುಟ್ಟದ ನಾಣ್ಯ ಪ್ರಾಣಿಗೆ ಹೆಸರು ಕೊಟ್ಟಿತೇ?

ಗಿನಿ ಅಂದರೆ ಜಾಗದ ಹೆಸರು. ಪಶ್ಚಿಮ ಆಫ್ರಿಕಾದ ಕರಾವಳಿಯನ್ನು ಆಗ ಹಾಗೆ ಕರೆಯುತ್ತಿದ್ದರು. ಅಲ್ಲಿನ ಚಿನ್ನದಿಂದ ಅಚ್ಚಾದ ನಾಣ್ಯಕ್ಕೂ ಅದೇ ಹೆಸರು ಅಂಟಿತು. ಆ ಚಿನ್ನ ತರಿಸುತ್ತಿದ್ದದ್ದು ಲಂಡನ್ನಿನ ಒಂದು ಕಂಪನಿ. ದೊರೆ ಎರಡನೇ ಚಾರ್ಲ್ಸ್‌ನ ತಮ್ಮನೇ ಅದರ ಮುಖ್ಯಸ್ಥ. ಅದೇ ಕಂಪನಿ ಮನುಷ್ಯರನ್ನು ಹಿಡಿದು ತಂದು ಮಾರುವ ವ್ಯಾಪಾರವನ್ನೂ ಮಾಡಿತು. ಹೆಸರಿನ ಕತೆ ಹೇಳುವವರು ಇದನ್ನು ಮಾತ್ರ ಮೆಲ್ಲಗೆ ಬಿಟ್ಟುಬಿಡುತ್ತಾರೆ.

ಕಂಪನಿಯ ಗುರುತು ಆನೆ. ಅದು ತಂದ ಚಿನ್ನದ ನಾಣ್ಯದಲ್ಲಿ ದೊರೆಯ ತಲೆಯ ಕೆಳಗೆ ಪುಟ್ಟ ಆನೆ ಇರುತ್ತಿತ್ತು. 'ಇದು ನಮ್ಮ ದೇಶದ ಆನೆ, ಈಸ್ಟ್ ಇಂಡಿಯಾ ಕಂಪನಿಯದು' ಅಂತ ಎದೆಯುಬ್ಬಿಸಬೇಡಿ. ಈಸ್ಟ್ ಇಂಡಿಯಾ ಕಂಪನಿಯ ಚಿನ್ನದ ಗಿನಿಗಳು ಬಂದಿದ್ದು 1729ರಿಂದ. ಅವುಗಳ ಮೇಲಿರುವುದು ಇ.ಐ.ಸಿ. ಅಕ್ಷರಗಳು.

ನಾಣ್ಯದ ಮೇಲೆ 'ಗಿನಿ' ಅಂತ ಹುಡುಕಲೂಬೇಡಿ. ಅದು ಜನ ಇಟ್ಟ ಹೆಸರು. ಟಂಕಸಾಲೆಯ ಲೆಕ್ಕದಲ್ಲಿ ಅದು 20 ಶಿಲ್ಲಿಂಗ್, ಅಂದರೆ ಒಂದು ಪೌಂಡಿನ ನಾಣ್ಯ. ಆದರೆ ಶಿಲ್ಲಿಂಗ್‌ನಂಥ ಬೆಳ್ಳಿ ನಾಣ್ಯಗಳ ಅಂಚನ್ನು ಕಳ್ಳರು ಕತ್ತರಿಸಿ ಕತ್ತರಿಸಿ ಅವುಗಳ ಮೇಲಿನ ನಂಬಿಕೆ ಹೋಯಿತು. 1690ರ ದಶಕದಲ್ಲಿ ಗಿನಿ 30 ಶಿಲ್ಲಿಂಗ್‌ವರೆಗೂ ಏರಿತು. 1717ರಲ್ಲಿ ಸರ್ಕಾರ 21 ಶಿಲ್ಲಿಂಗ್ ಅಂತ ನಿಗದಿ ಮಾಡಿತು. ಆಗ ಟಂಕಸಾಲೆ ನೋಡಿಕೊಳ್ಳುತ್ತಿದ್ದವರು ಯಾರು ಗೊತ್ತಾ? ಐಸಾಕ್ ನ್ಯೂಟನ್. 1814ರ ನಂತರ ಗಿನಿ ಅಚ್ಚಾಗಲಿಲ್ಲ. ಆದರೂ ಡಾಕ್ಟರು, ವಕೀಲರು ಫೀಸನ್ನು ಗಿನಿಯಲ್ಲೇ ಕೇಳುತ್ತಿದ್ದರು. ಪೌಂಡಿಗಿಂತ ಒಂದು ಶಿಲ್ಲಿಂಗ್ ಜಾಸ್ತಿ, ಅಲ್ವಾ! ಇಂಗ್ಲೆಂಡಿನ ನ್ಯೂಮಾರ್ಕೆಟ್‌ ಊರಿನ ಕುದುರೆ ಹರಾಜಿನಲ್ಲಿ ಈಗಲೂ ಗಿನಿಯಲ್ಲೇ ಕೂಗುತ್ತಾರೆ.

ಪ್ರಶ್ನೆ: ನಮ್ಮ 'ಸವರನ್' ಚಿನ್ನ ಗಿನಿಯೇ?

ಉತ್ತರ: ಅಲ್ಲ. ಅದು 1817ರಲ್ಲಿ ಬಂದ ಬೇರೆ ನಾಣ್ಯದ ಹೆಸರು.

ಪ್ರಶ್ನೆ: ಅಜ್ಜಿಯ ಪೆಟ್ಟಿಗೆಯಲ್ಲಿ 1790ರ ಗಿನಿ ಸಿಕ್ಕಿದೆ. ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಅನ್ನುತ್ತಿದ್ದಾರೆ. ಕಟ್ಟಲೇ?

ಉತ್ತರ: ಒಂದು ಪೈಸೆಯೂ ಕಟ್ಟಬೇಡಿ. ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ಮೊದಲು ತೂಕ ಹಾಕಿಸಿ. ಅಸಲಿ ಗಿನಿ ಸುಮಾರು 8.3 ಗ್ರಾಂ ಇರುತ್ತದೆ. ಆ ಕಾಲದ ಗಿನಿಯ ಹಾಗೇ ಕಾಣುವ ಹಿತ್ತಾಳೆ ಬಿಲ್ಲೆಗಳನ್ನು ಇಸ್ಪೀಟ್ ಆಟದ ಲೆಕ್ಕಕ್ಕಾಗಿ ರಾಶಿ ರಾಶಿ ಮಾಡಿದ್ದರು. ನಿಮ್ಮದೂ ಅದೇ ಇರಬಹುದು. ಏನೇ ಇರಲಿ, ಹುಣಸೆಹಣ್ಣು ಹಾಕಿ ಉಜ್ಜಬೇಡಿ.