ವಿಂಡ್ಸರ್‌ಗೆ ಹೊಸಬರೇ? 1980ರ ಆಲ್‌ಸ್ಟಾರ್ ಆಟದಿಂದ ಶುರು ಮಾಡಿ

ಕೆನಡಾದ ವಿಂಡ್ಸರ್‌ಗೆ ಬಂದು ಎರಡು ತಿಂಗಳಾಯಿತು, ಊಟದ ಹೊತ್ತಿಗೆ ಎಲ್ಲರ ಬಾಯಲ್ಲೂ ಹಾಕಿ, ವಯಸ್ಸಾದವರು 'ಎಂಬತ್ತರ ಆ ಆಟ' ಅಂತ ಶುರು ಮಾಡಿದರೆ ನಿಲ್ಲಿಸುವುದೇ ಇಲ್ಲ, ಹೊಸ ಸೇತುವೆಗೂ ಆಟಗಾರನ ಹೆಸರೇ, ನನಗೆ ತಲೆಬುಡ ಗೊತ್ತಾಗುತ್ತಿಲ್ಲ ಅಂತ ಬರೆದಿದ್ದೀರಿ. ಇಡೀ ಆಟದ ಚರಿತ್ರೆ ಕಲಿಯುವುದು ಬೇಡ. ಅವರು ಹೇಳುವ ಆ ಒಂದು ಆಟ ಸರಿಯಾಗಿ ಗೊತ್ತಿದ್ದರೆ ಅರ್ಧ ದಾರಿ ಸವೆದಂತೆ.

ಅದಕ್ಕೂ ಮುಂಚೆ ಒಂದು ಮಾತು. ಇಲ್ಲಿ ಬರೀ 'ಹಾಕಿ' ಅಂದರೆ ಐಸ್ ಹಾಕಿ. ಕೊಡಗಿನ ಹಾಕಿ ಹಬ್ಬ ನೋಡಿ ಬೆಳೆದವರು 'ನಾನೂ ಹಾಕಿ ಆಡಿದವನೇ' ಅಂದುಬಿಟ್ಟರೆ ಭಾನುವಾರ ರಿಂಕ್‌ಗೆ, ಅಂದರೆ ಮಂಜುಗಡ್ಡೆಯ ಅಂಗಳಕ್ಕೆ, ಬಾ ಅಂತ ಕರೆದುಬಿಡುತ್ತಾರೆ. ನಮ್ಮದಕ್ಕೆ 'ಫೀಲ್ಡ್ ಹಾಕಿ' ಅಂತಲೇ ಹೇಳಿ.

ಅವರು ಹೇಳುವುದು ಆಲ್‌ಸ್ಟಾರ್ ಆಟ, ಅಂದರೆ ಲೀಗ್‌ನ ಬೇರೆ ಬೇರೆ ತಂಡಗಳಿಂದ ಆರಿಸಿದ ಆಟಗಾರರ ಪ್ರದರ್ಶನ ಪಂದ್ಯ. ಅದು ನಡೆದದ್ದು 1980ರ ಫೆಬ್ರವರಿ 5ರಂದು, ನದಿಯಾಚೆ ಡೆಟ್ರಾಯಿಟ್‌ನ ಜೋ ಲೂಯಿಸ್ ಅರೀನಾದಲ್ಲಿ. ಆ ಕ್ರೀಡಾಂಗಣ ಶುರುವಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಬಂದ ಜನ 21,002. ಇಲ್ಲಿನ ದೊಡ್ಡ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಅಲ್ಲಿಯವರೆಗೆ ಒಂದು ಆಟಕ್ಕೆ ಅಷ್ಟು ಜನ ಸೇರಿರಲಿಲ್ಲ. ಆಡಿದ್ದು ಲೀಗ್‌ನ ಎರಡು ಬಣಗಳು: ವೇಲ್ಸ್ ಕಾನ್ಫರೆನ್ಸ್ 6, ಕ್ಯಾಂಪ್‌ಬೆಲ್ ಕಾನ್ಫರೆನ್ಸ್ 3. ಈ ಅಂಕ ಯಾರಿಗೂ ನೆನಪಿಲ್ಲ, ನೀವೂ ಬಾಯಿಪಾಠ ಮಾಡಬೇಡಿ. ಪಂದ್ಯಶ್ರೇಷ್ಠ ಸೋತ ಕಡೆಯ ರೆಜ್ಜಿ ಲೀಚ್. ಅದೂ ಬಹಳ ಜನಕ್ಕೆ ಮರೆತುಹೋಗಿದೆ.

ನೆನಪಿರುವುದು ಗೋರ್ಡಿ ಹೋವ್. ನೀವು ಹೇಳಿದ ಹೊಸ ಸೇತುವೆಗೂ ಇವರದೇ ಹೆಸರು. 1946ರಿಂದ 1971ರವರೆಗೆ 25 ಸೀಸನ್ ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡಕ್ಕೆ ಆಡಿ ನಿವೃತ್ತರಾದವರು. 1973ರಲ್ಲಿ ಪ್ರತಿಸ್ಪರ್ಧಿ ಲೀಗ್ ಡಬ್ಲ್ಯುಎಚ್‌ಎಯಲ್ಲಿ ಸ್ವಂತ ಮಕ್ಕಳಾದ ಮಾರ್ಕ್ ಮತ್ತು ಮಾರ್ಟಿ ಜೊತೆ ಮತ್ತೆ ಸ್ಕೇಟ್ ಕಟ್ಟಿದರು. 1979ರಲ್ಲಿ ಆ ಲೀಗ್ ಮುಚ್ಚಿ, ಅದರ ನಾಲ್ಕು ತಂಡಗಳು ಎನ್‌ಎಚ್‌ಎಲ್ ಸೇರಿದವು. ಅದರಲ್ಲೊಂದು ಹಾರ್ಟ್‌ಫರ್ಡ್ ವೇಲರ್ಸ್. ಹಾಗಾಗಿ 51ನೇ ವಯಸ್ಸಿನಲ್ಲಿ ಹೋವ್ ಎದುರಾಳಿ ತಂಡದ ಅಂಗಿ ತೊಟ್ಟು ಹಳೆಯ ಲೀಗ್‌ಗೆ ವಾಪಸ್ ಬಂದರು. ವೇಲ್ಸ್ ಕೋಚ್ ಸ್ಕಾಟಿ ಬೋಮನ್ ಅವರನ್ನು ಆಲ್‌ಸ್ಟಾರ್‌ಗೆ ಆರಿಸಿದಾಗ ಗೊಣಗಿದವರೂ ಇದ್ದರು. ಆದರೆ ಆ ಸೀಸನ್‌ನಲ್ಲಿ ಈ ಮನುಷ್ಯ 80 ಆಟಗಳಲ್ಲಿ ಒಂದನ್ನೂ ಬಿಡಲಿಲ್ಲ, 15 ಗೋಲು ಹೊಡೆದರು. ಬರೀ ಗೌರವಕ್ಕೆ ಕರೆದರು ಅನ್ನುವ ಮಾತು ನನಗಂತೂ ಒಪ್ಪಿಗೆಯಿಲ್ಲ.

ಆಟದ ದಿನ ಒಬ್ಬೊಬ್ಬರನ್ನೇ ಪರಿಚಯಿಸಿ ಹೋವ್ ಅವರನ್ನು ಕೊನೆಗೆ ಉಳಿಸಿಕೊಂಡಿದ್ದರು. ಉದ್ಘೋಷಕ ಹೆಸರು ಹೇಳಲೇ ಇಲ್ಲ. ಐದು ದಶಕ ಆಡಿದವರು ಅಂತ ಹೇಳಿ 'ನಂಬರ್ 9' ಅಂದರು. ಅಷ್ಟೇ ಸಾಕಾಯಿತು. ಎದ್ದು ನಿಂತ ಜನ ಕೂರಲೊಲ್ಲರು, 'ಗೋರ್ಡಿ, ಗೋರ್ಡಿ' ಅಂತ ಒಂದೇ ಸಮ. ಕೊನೆಯ ಗೋಲು ಹೊಡೆದದ್ದು ರೆಯಾಲ್ ಕ್ಲೂಟಿಯೆ, ಪಾಸ್ ಕೊಟ್ಟದ್ದು ಹೋವ್. ಅದೇ ದಿನ ಎದುರು ಕಡೆ 19ರ ಹುಡುಗ ವೇಯ್ನ್ ಗ್ರೆಟ್ಸ್ಕಿಗೆ ಅದು ಮೊದಲ ಎನ್‌ಎಚ್‌ಎಲ್ ಆಲ್‌ಸ್ಟಾರ್ ಆಟ. ಆತ 99 ತೊಟ್ಟದ್ದೂ ಹೋವ್ ಅವರ 9ರ ಮೇಲಿನ ಅಭಿಮಾನಕ್ಕೆ.

ಈಗ ಹಳೆಯ ವೀಡಿಯೊ ನೋಡುವ ಬಗೆ. ಪಕ್ ಅಂದರೆ ಮೂರು ಇಂಚು ಅಗಲ, ಒಂದು ಇಂಚು ದಪ್ಪದ ರಬ್ಬರ್ ಬಿಲ್ಲೆ. ಹಳೆಯ ಟಿವಿ ಚಿತ್ರದಲ್ಲಿ ಅದನ್ನು ಹುಡುಕುತ್ತಾ ಕೂತರೆ ಕಣ್ಣು ನೋವು ಬರುತ್ತದೆ, ಆಟವೂ ಸಿಗುವುದಿಲ್ಲ. ಆಟಗಾರರ ಭುಜ ಎತ್ತ ತಿರುಗುತ್ತದೆ ಅಂತ ನೋಡಿ, ಪಕ್ ಅತ್ತಲೇ ಇರುತ್ತದೆ. ಹೋವ್ ಅವರನ್ನು ಗುರುತಿಸುವುದು ಸುಲಭ: ಹೆಲ್ಮೆಟ್ ಇಲ್ಲದ ನರೆಗೂದಲ ತಲೆ. ಹೆಲ್ಮೆಟ್ ಕಡ್ಡಾಯವಾದದ್ದು ಆ ಸೀಸನ್‌ನಿಂದಲೇ, ಅದೂ ಹೊಸದಾಗಿ ವೃತ್ತಿಗೆ ಬಂದವರಿಗೆ ಮಾತ್ರ. ಹಳಬರಿಗೆ ವಿನಾಯಿತಿ ಇತ್ತು.

ಸೀಟಿ ಯಾಕೆ ಊದಿದರು ಅನ್ನುವುದೇ ಹೊಸಬರ ಗೋಳು. ರಿಂಕ್‌ನ ಮಧ್ಯೆ ಒಂದು ಕೆಂಪು ಗೆರೆ, ಅದರ ಆಚೆ ಈಚೆ ಒಂದೊಂದು ನೀಲಿ ಗೆರೆ. ಪಕ್‌ಗಿಂತ ಮುಂಚೆ ಆಟಗಾರ ಎದುರಾಳಿಯ ನೀಲಿ ಗೆರೆ ದಾಟಿದರೆ ಆಫ್‌ಸೈಡ್. ಮಧ್ಯದ ಕೆಂಪು ಗೆರೆಯ ಈಚೆಯಿಂದ ಹೊಡೆದ ಪಕ್ ಯಾರಿಗೂ ತಾಗದೆ ಎದುರಾಳಿಯ ಗೋಲು ಗೆರೆ ದಾಟಿ ಹೋದರೆ ಐಸಿಂಗ್. ಇವೆರಡೂ ಇಂದಿಗೂ ಇವೆ. ಆದರೆ 1980ರಲ್ಲಿ ಸ್ವಂತ ನೀಲಿ ಗೆರೆಯ ಹಿಂದಿನಿಂದ ಕೊಟ್ಟ ಪಾಸ್ ಕೆಂಪು ಗೆರೆಯನ್ನೂ ದಾಟಿ ಗೆಳೆಯನನ್ನು ಮುಟ್ಟಿದರೂ ಸೀಟಿ ಬೀಳುತ್ತಿತ್ತು. ಎನ್‌ಎಚ್‌ಎಲ್ ಆ ನಿಯಮ ತೆಗೆದದ್ದು 2005ರಲ್ಲಿ. ಇದು ಗೊತ್ತಿಲ್ಲದೆ ಹಳೆಯ ಆಟ ನೋಡಿದರೆ ರೆಫರಿಗೇ ತಲೆ ಕೆಟ್ಟಿದೆ ಅನ್ನಿಸುತ್ತದೆ.

ಒಂದು ಎಚ್ಚರಿಕೆ: ಆಲ್‌ಸ್ಟಾರ್ ಆಟ ನೋಡಿ ಹಾಕಿ ಹೀಗೇ ಅಂದುಕೊಳ್ಳಬೇಡಿ. ಅಲ್ಲಿ ಯಾರೂ ಮೈಮೇಲೆ ಬೀಳುವುದಿಲ್ಲ, ಗಾಯ ಮಾಡಿಕೊಂಡು ಸ್ವಂತ ತಂಡಕ್ಕೆ ಹೋಗುವುದು ಯಾರಿಗೂ ಬೇಕಿಲ್ಲ. ಲೀಗ್ ಆಟದಲ್ಲಿ ಹೋವ್ ಅವರ ಮೊಣಕೈಗೆ ಎಲ್ಲರೂ ಹೆದರುತ್ತಿದ್ದರು. ಒಂದೇ ಆಟದಲ್ಲಿ ಒಂದು ಗೋಲು, ಒಂದು ಅಸಿಸ್ಟ್ (ಗೋಲಿಗೆ ಕೊಟ್ಟ ಪಾಸ್), ಒಂದು ಹೊಡೆದಾಟ ಆದರೆ ಅದಕ್ಕೆ 'ಗೋರ್ಡಿ ಹೋವ್ ಹ್ಯಾಟ್ರಿಕ್' ಅನ್ನುತ್ತಾರೆ. ತಮಾಷೆ ಏನೆಂದರೆ ಸ್ವತಃ ಹೋವ್ ಅದನ್ನು ಮಾಡಿದ್ದು ಎರಡೇ ಸಲ.

ನಿಜವಾದ ಆಟ ನೋಡಲು ದುಡ್ಡು ಸುರಿಯಬೇಕಿಲ್ಲ. ಊರಲ್ಲೇ ಡಬ್ಲ್ಯುಎಫ್‌ಸಿಯು ಸೆಂಟರ್‌ನಲ್ಲಿ ವಿಂಡ್ಸರ್ ಸ್ಪಿಟ್‌ಫೈರ್ಸ್ ಹುಡುಗರ ಆಟ ಇರುತ್ತದೆ, ಟಿಕೆಟ್ ಎನ್‌ಎಚ್‌ಎಲ್‌ಗಿಂತ ಬಹಳ ಅಗ್ಗ. ಗಾಜಿಗೆ ಅಂಟಿದ ಮೊದಲ ಸಾಲು ಬೇಡ, ಅಲ್ಲಿಂದ ಆಚೆ ತುದಿ ಕಾಣುವುದೇ ಇಲ್ಲ. ಹತ್ತು ಹದಿನೈದು ಸಾಲು ಮೇಲೆ ಕೂತರೆ 200 ಅಡಿಯ ಇಡೀ ರಿಂಕ್ ಕಣ್ಣಿಗೆ ಸಿಗುತ್ತದೆ. ಒಳಾಂಗಣ ಅಂತ ತೆಳು ಅಂಗಿಯಲ್ಲಿ ಹೋಗಬೇಡಿ, ಚಳಿ ಇರುತ್ತದೆ. ಕಾಫಿಗೆ ಎದ್ದು ಹೋದರೆ ಆಟ ನಡೆಯುವಾಗ ನಿಮ್ಮ ಜಾಗಕ್ಕೆ ವಾಪಸ್ ಹೋಗಬಾರದು. ಸೀಟಿ ಊದಿ ಆಟ ನಿಲ್ಲುವವರೆಗೆ ಮೆಟ್ಟಿಲ ಮೇಲೇ ನಿಂತಿರಿ. ಒಬ್ಬನೇ ಮೂರು ಗೋಲು ಹೊಡೆದಾಗ ಜನ ಟೋಪಿ ಎಸೆಯುತ್ತಾರೆ, ಅದು ಗಲಾಟೆಯಲ್ಲ.

ಡೆಟ್ರಾಯಿಟ್‌ಗೆ ಹೋಗಿಯೇ ನೋಡಬೇಕು ಅಂದರೆ ಮೊದಲು ಅಮೆರಿಕದ ವೀಸಾ. ಕೆನಡಾದ ಪಿಆರ್ (ಕಾಯಂ ನಿವಾಸಿ) ಕಾರ್ಡ್ ಇದ್ದರೂ ಭಾರತದ ಪಾಸ್‌ಪೋರ್ಟ್‌ಗೆ ಅದು ಬೇಕೇ ಬೇಕು. ಟಿಕೆಟ್ ಕೊಂಡಮೇಲೆ ಇದು ಗೊತ್ತಾಗಿ ಕೈಸುಟ್ಟುಕೊಂಡವರು ಬೇಕಾದಷ್ಟು ಜನ. ಜೋ ಲೂಯಿಸ್ ಅರೀನಾ ಹುಡುಕಿಕೊಂಡು ಹೋಗಬೇಡಿ, ಅದನ್ನು ಕೆಡವಿಯಾಗಿದೆ. 2017ರಿಂದ ರೆಡ್ ವಿಂಗ್ಸ್ ಆಡುವುದು ಲಿಟಲ್ ಸೀಸರ್ಸ್ ಅರೀನಾದಲ್ಲಿ. ಅಲ್ಲಿ ಮೇಲೆ ತೂಗುಹಾಕಿರುವ 9ರ ಬಾವುಟ ಕಂಡರೆ ಅದು ಯಾರದ್ದು ಅಂತ ಪಕ್ಕದವರನ್ನು ಕೇಳಬೇಕಿಲ್ಲ.