ಬಾಮೈದ ನೆಂಟ ಅಲ್ವಾ?

ಓದುಗರ ಪತ್ರ: ನಾನು ಮಂಡ್ಯದ ನಿವೃತ್ತ ಮೇಷ್ಟ್ರು. ಮೈಸೂರಿನ ಒಂದು ಕಂಪನಿಯ 400 ಶೇರು ನನ್ನ ಹತ್ತಿರ ಇವೆ. ಕಂಪನಿ ಶೇರುಪೇಟೆಯಲ್ಲಿ ನೋಂದಾಯಿಸಿದ್ದು. ಅಧ್ಯಕ್ಷರ ಕುಟುಂಬದ ಪಾಲು 58 ಪರ್ಸೆಂಟ್. ಅಧ್ಯಕ್ಷರ ಸೊಸೆಯ ಗೋದಾಮನ್ನು ಕಂಪನಿ ಬಾಡಿಗೆಗೆ ಪಡೆದಿದೆ. ಎರಡೇ ವರ್ಷದಲ್ಲಿ ಬಾಡಿಗೆ 60 ಲಕ್ಷದಿಂದ 1 ಕೋಟಿ 40 ಲಕ್ಷಕ್ಕೆ ಏರಿದೆ. ಲಾರಿ ಸಾಗಣೆಯೆಲ್ಲ ಅಧ್ಯಕ್ಷರ ಬಾಮೈದನದು. ವಾರ್ಷಿಕ ವರದಿಯಲ್ಲಿ ಅವನ ಹೆಸರೇ ಇಲ್ಲ. ಸಭೆಯಲ್ಲಿ ಎದ್ದು ಕೇಳಿದೆ. 'ನಿಮ್ಮ ಹತ್ತಿರ ಎಷ್ಟು ಶೇರಿದೆ ಮೇಷ್ಟ್ರೇ?' ಅಂದರು ಅಧ್ಯಕ್ಷರು. ಸಭೆ ನಕ್ಕಿತು. ಬೇಲಿಯೇ ಎದ್ದು ಹೊಲ ಮೇಯುತ್ತಿದೆ. ಶೇರು ಮಾರಿ ಸುಮ್ಮನಾಗಲೇ, ಅಥವಾ ಏನಾದರೂ ಮಾಡೋಕೆ ಆಗುತ್ತದೆಯೇ?
— ಒಬ್ಬ ಓದುಗರು, ಮಂಡ್ಯ

ಸಂಪಾದಕರ ಉತ್ತರ

ಮೇಷ್ಟ್ರೇ, ನಮಸ್ಕಾರ.

ಪತ್ರದ ಜೊತೆ ನೀವು ಕಳಿಸಿದ ವಾರ್ಷಿಕ ವರದಿಯ ಜೆರಾಕ್ಸ್ ಹಾಳೆಗಳು ಎರಡು ವಾರದಿಂದ ನನ್ನ ಮೇಜಿನ ಮೇಲಿವೆ. ಗೋದಾಮಿನ ಬಾಡಿಗೆಯ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೀರಿ. ಪಕ್ಕದಲ್ಲಿ, ಹುಡುಗರ ಉತ್ತರ ಪತ್ರಿಕೆ ತಿದ್ದುವ ಹಾಗೆ, ಒಂದು ಪ್ರಶ್ನೆ ಗುರುತು. ಅದನ್ನು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು. ಆ ಪುಟದವರೆಗೂ ಹೋಗಿ ಓದುವವರು ತೀರಾ ಕಡಿಮೆ.

ನಮ್ಮ ಮನೆಗೂ ಇಂಥ ವರದಿಗಳು ಬರುತ್ತಿದ್ದವು. ತಂದೆಯವರ ಹತ್ತಿರ ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ ಒಂದಷ್ಟು ಶೇರುಗಳಿದ್ದವು. 1913ರಲ್ಲಿ ಶುರುವಾದ ನಮ್ಮೂರ ಬ್ಯಾಂಕು ಅನ್ನುವ ಅಭಿಮಾನ ಅವರಿಗೆ. ವರದಿ ಬಂದರೆ ಅಮ್ಮ ಅದನ್ನು ಬಿಚ್ಚಿ ಅಟ್ಟದ ಡಬ್ಬಿಗಳ ಕೆಳಗೆ ಹಾಸುತ್ತಿದ್ದರು. 2017ರ ಏಪ್ರಿಲ್‌ನಲ್ಲಿ ಬ್ಯಾಂಕು ಎಸ್‌ಬಿಐ ಜೊತೆ ಸೇರಿಹೋಯಿತು. 10 ಶೇರಿಗೆ ಎಸ್‌ಬಿಐನ 22 ಶೇರು ಬಂದವು. ಇಷ್ಟು ವರ್ಷ ನಾವು ಆ ಬ್ಯಾಂಕಿನ ಪಾಲುದಾರರಾಗಿದ್ದೆವು ಅಂತ ನನಗೆ ಹೊಳೆದದ್ದೇ ಅವತ್ತು. ಶೇರು ಅಂದರೆ ವರ್ಷಕ್ಕೊಮ್ಮೆ ಬರುವ ಡಿವಿಡೆಂಡ್ ಅಂದುಕೊಂಡಿದ್ದೆವು. ನೀವು ಹಾಗೆ ಅಂದುಕೊಂಡಿಲ್ಲ. ಅದಕ್ಕೇ ಈ ಸಲ ಉತ್ತರ ಸ್ವಲ್ಪ ಉದ್ದವಾಗಿದೆ.

ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಅಂದಿದ್ದೀರಿ. ನಾನು ಇನ್ನೂ ಅಷ್ಟು ದೂರ ಹೋಗಲಾರೆ. ನಿಮ್ಮ ಕಡೆಯ ಯಾವುದಾದರೂ ಊರಿನ ಹಾಲಿನ ಡೇರಿಯನ್ನು ನೆನಪಿಸಿಕೊಳ್ಳಿ. ಡೇರಿ ಅಧ್ಯಕ್ಷರದೇ ಒಂದು ಬೂಸಾ-ಹಿಂಡಿ ಅಂಗಡಿ ಇದೆ ಅಂತಿಟ್ಟುಕೊಳ್ಳಿ. ಡೇರಿಗೆ ಬೂಸಾ ಅಲ್ಲಿಂದಲೇ ಬರುತ್ತದೆ. ಇಷ್ಟಕ್ಕೇ ತಪ್ಪು ಅನ್ನೋಕಾಗಲ್ಲ. ಊರಿಗೆ ಅದೊಂದೇ ಅಂಗಡಿ ಇರಬಹುದು. ಮದ್ದೂರಿನಿಂದ ತರಿಸಿದರೆ ಗಾಡಿ ಬಾಡಿಗೆ ಜಾಸ್ತಿ ಬೀಳಬಹುದು. ಆದರೆ ಬೂಸಾದ ರೇಟು ಗೊತ್ತು ಮಾಡೋಕೆ ಕಮಿಟಿ ಕೂತಾಗ ಅಧ್ಯಕ್ಷರೂ ಅಲ್ಲೇ ಕೂತರೆ? ಮಾರುವವರೂ ಅವರೇ, ಕೊಳ್ಳುವವರೂ ಅವರೇ. ದುಡ್ಡು ಮಾತ್ರ ಹಾಲು ಹಾಕಿದವರದು.

ಪತ್ರಿಕೆಗಳಲ್ಲಿ ನಾವು ಇದಕ್ಕೆ 'ಹಿತಾಸಕ್ತಿ ಸಂಘರ್ಷ' ಅಂತ ಬರೆಯುತ್ತೇವೆ. ಸಂಘರ್ಷ ಅಂದ ತಕ್ಷಣ ಜಗಳ ಅನ್ನಿಸುತ್ತದೆ. ಇಲ್ಲಿ ಜಗಳವೇ ಇರೋದಿಲ್ಲ. ಚೌಕಾಶಿಗೆ ಎರಡು ಕಡೆ ಬೇಕು. ಎರಡೂ ಕಡೆ ಒಂದೇ ಮನೆಯವರು ಕೂತರೆ ನಿಮ್ಮ ಪರವಾಗಿ 'ಇದು ಜಾಸ್ತಿ ಆಯ್ತು' ಅನ್ನುವವರು ಯಾರು?

ಆ 'ಯಾರು' ಅನ್ನುವುದಕ್ಕೆ ಕಾನೂನಿನಲ್ಲಿ ಉತ್ತರ ಇದೆ. 2013ರ ಕಂಪನಿ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ, ತನಗೆ ಯಾವ ಯಾವ ಕಂಪನಿ, ಪಾಲುದಾರಿಕೆಗಳಲ್ಲಿ ಸಂಬಂಧ ಇದೆ ಅಂತ ಪ್ರತಿ ನಿರ್ದೇಶಕರೂ ವರ್ಷದ ಮೊದಲ ಮಂಡಳಿ ಸಭೆಯಲ್ಲಿ ಬರೆದುಕೊಡಬೇಕು. ತನ್ನದೇ ವ್ಯವಹಾರ ಚರ್ಚೆಗೆ ಬಂದರೆ ಅದರಲ್ಲಿ ಭಾಗವಹಿಸುವಂತಿಲ್ಲ. ನೆಂಟರ ಜೊತೆಗಿನ ವ್ಯವಹಾರಗಳಿಗೆ 188ನೇ ಸೆಕ್ಷನ್ ಇದೆ. ಶೇರುಪೇಟೆಯ ಕಂಪನಿಗಳಿಗೆ, ಆ ಪೇಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿಯ ನಿಯಮ ಇನ್ನೂ ಬಿಗಿ. ಇಂಥ ವ್ಯವಹಾರಕ್ಕೆ ಆಡಿಟ್ ಕಮಿಟಿ, ಅಂದರೆ ಲೆಕ್ಕಪತ್ರ ನೋಡುವ ನಿರ್ದೇಶಕರ ಸಮಿತಿ, ಮೊದಲೇ ಒಪ್ಪಿಗೆ ಕೊಡಬೇಕು. ಆ ಕಮಿಟಿಯಲ್ಲೂ ಸ್ವತಂತ್ರ ನಿರ್ದೇಶಕರು, ಅಂದರೆ ಮಾಲೀಕರ ಕುಟುಂಬಕ್ಕೆ ಸಂಬಂಧ ಇಲ್ಲದವರು, ಮಾತ್ರ ಒಪ್ಪಿಗೆ ಕೊಡಬಹುದು. ಬಂಡವಾಳ 10 ಕೋಟಿ, ನೆಟ್‌ವರ್ತ್ (ಆಸ್ತಿಯಲ್ಲಿ ಸಾಲ ಕಳೆದು ಉಳಿದದ್ದು) 25 ಕೋಟಿ ದಾಟದ ಸಣ್ಣ ಕಂಪನಿಗಳಿಗೆ ವಿನಾಯಿತಿ ಇದೆ. ನೀವು ಕಳಿಸಿದ ಹಾಳೆ ನೋಡಿದರೆ ನಿಮ್ಮ ಕಂಪನಿ ಎರಡನ್ನೂ ದಾಟಿದೆ.

ಸೊಸೆಯ ಗೋದಾಮು ವರದಿಯಲ್ಲಿ ಬಂದಿದೆ. ಅಷ್ಟರಮಟ್ಟಿಗೆ ಮುಚ್ಚಿಟ್ಟಿಲ್ಲ. ಆದರೆ ಅಲ್ಲಿ ಇರೋದು ಬರೀ ಮೊತ್ತ. ಎಷ್ಟು ಚದರಡಿ, ಚದರಡಿಗೆ ಎಷ್ಟು, ಎರಡು ವರ್ಷದಲ್ಲಿ ಜಾಗ ಹೆಚ್ಚಾಯಿತೋ ಬರೀ ಬಾಡಿಗೆ ಹೆಚ್ಚಾಯಿತೋ, ಒಂದೂ ಇಲ್ಲ. ಜಾಗ ಎರಡರಷ್ಟಾಗಿದ್ದರೆ ಈ ಬಾಡಿಗೆಯಲ್ಲಿ ವಿಶೇಷ ಏನಿಲ್ಲ. ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕಡೆ ಅಂಥದೇ ಗೋದಾಮು ಹೊರಗಿನವರಿಗೆ ಎಷ್ಟಕ್ಕೆ ಸಿಗುತ್ತದೆ? ಕಾನೂನು ನೋಡುವುದೂ ಇದನ್ನೇ: ಮಾಮೂಲಿ ವ್ಯಾಪಾರದ ಭಾಗವಾಗಿ, ಹೊರಗಿನವರಿಗೆ ಕೊಡುವ ರೇಟಿನಲ್ಲೇ ನಡೆದಿದೆಯಾ ಅಂತ. ಹಾಗಾಗಿ ನಿಮ್ಮ ಪ್ರಶ್ನೆ 'ಸೊಸೆಗೆ ಯಾಕೆ ಕೊಟ್ಟಿರಿ' ಅಂತ ಇರಬಾರದು. 'ಈ ರೇಟನ್ನು ಯಾರು, ಏನು ನೋಡಿ ಗೊತ್ತು ಮಾಡಿದರು' ಅಂತ ಇರಬೇಕು.

ಇನ್ನು ಬಾಮೈದ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಇದೇ.

ಕಂಪನಿ ಕಾಯ್ದೆ ಯಾರನ್ನು ನೆಂಟರು ಅನ್ನುತ್ತದೆ ಗೊತ್ತಾ? ಗಂಡ, ಹೆಂಡತಿ, ಅವಿಭಕ್ತ ಕುಟುಂಬದ ಸದಸ್ಯರು. ತಂದೆ, ತಾಯಿ. ಮಗ, ಸೊಸೆ. ಮಗಳು, ಅಳಿಯ. ಅಣ್ಣತಮ್ಮ, ಅಕ್ಕತಂಗಿ. ಪಟ್ಟಿ ಅಲ್ಲಿಗೆ ಮುಗಿಯಿತು. ಹೆಂಡತಿಯ ತಮ್ಮ ಇಲ್ಲ! ನಮ್ಮ ಕಡೆ ಮನೆ ಕಟ್ಟಿಸುವಾಗ ಮೇಸ್ತ್ರಿ ಜೊತೆ ಮಾತಾಡುವವನು ಬಾಮೈದ, ಮಗಳ ಮದುವೆಯಲ್ಲಿ ಉಗ್ರಾಣದ ಬೀಗದ ಕೈ ಹಿಡಿಯುವವನು ಬಾಮೈದ. ಆ ಪಟ್ಟಿಗೆ ಅವನು ಹೊರಗಿನವನು. ಬರೀ ಆ ಪಟ್ಟಿ ಹಿಡಿದು ವರದಿ ಬರೆದರೆ ಲಾರಿ ಲೆಕ್ಕ ಹೊರಗೇ ಉಳಿಯುತ್ತದೆ.

ಆದರೆ ಕಂಪನಿ ಶೇರುಪೇಟೆಯಲ್ಲಿದೆಯಲ್ಲ, ಅಲ್ಲಿ ಸೆಬಿಯ ಲೆಕ್ಕ ಬೇರೆ. 2022ರ ಏಪ್ರಿಲ್‌ನಿಂದ ಪ್ರವರ್ತಕರ ಗುಂಪಿಗೆ ಸೇರಿದ ಪ್ರತಿಯೊಬ್ಬರೂ 'ಸಂಬಂಧಿತ ಪಕ್ಷ' ಆಗುತ್ತಾರೆ. ಪ್ರವರ್ತಕರು ಅಂದರೆ ಪ್ರೊಮೋಟರ್, ಕಂಪನಿಯನ್ನು ತಮ್ಮ ಹಿಡಿತದಲ್ಲಿ ಇಟ್ಟುಕೊಂಡವರು. ಅವರ ಗುಂಪಿನಲ್ಲಿ ಅವರ ಹೆಂಡತಿಯ ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿಯರೂ ಬರುತ್ತಾರೆ. ಅವರು 20 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಪಾಲು ಇಟ್ಟುಕೊಂಡಿರುವ ಕಂಪನಿಯೂ ಬರುತ್ತದೆ. ನಿಮ್ಮ ಅಧ್ಯಕ್ಷರು ಪ್ರವರ್ತಕರು ಅಂತ ವರದಿಯಲ್ಲೇ ಇದೆ. ಅಂದಮೇಲೆ ಬಾಮೈದ ಹೊರಗಿನವನಲ್ಲ. ಲಾರಿ ಬಾಡಿಗೆಗೂ ಆಡಿಟ್ ಕಮಿಟಿಯ ಒಪ್ಪಿಗೆ ಬೇಕು. ಅಷ್ಟೇ ಅಲ್ಲ, ಇಂಥ ವ್ಯವಹಾರಗಳ ಪಟ್ಟಿಯನ್ನು ಕಂಪನಿ ಆರು ತಿಂಗಳಿಗೊಮ್ಮೆ ಶೇರುಪೇಟೆಗೆ ಕೊಡಬೇಕು. ಶೇರುಪೇಟೆಯ ವೆಬ್‌ಸೈಟಿನಲ್ಲಿ ಅದು ಸಿಗುತ್ತದೆ. ಮನೆಯಲ್ಲಿ ಯಾರಾದರೂ ಹುಡುಗರಿಗೆ ಹೇಳಿ ತೆಗೆಸಿ ನೋಡಿ. ಅದರಲ್ಲೂ ಬಾಮೈದನ ಸಂಸ್ಥೆಯ ಹೆಸರಿಲ್ಲ ಅಂದರೆ ನಿಮ್ಮ ಕೆಂಪು ಗೆರೆ ಸರಿಯಾದ ಜಾಗದಲ್ಲೇ ಬಿದ್ದಿದೆ.

'ಎಷ್ಟು ಶೇರಿದೆ ಮೇಷ್ಟ್ರೇ' ಅನ್ನುವ ಮಾತು ನನಗೆ ತುಂಬ ಬೇಜಾರು ತಂದಿತು. ನಕ್ಕವರ ಬಗ್ಗೆ ಇನ್ನೂ ಜಾಸ್ತಿ. ಅವರ ದುಡ್ಡಿನ ಬಗ್ಗೆಯೇ ನೀವು ಕೇಳಿದ್ದು. ಪ್ರಶ್ನೆ ಕೇಳಲು ಒಂದು ಶೇರು ಸಾಕು.

ಕೇಳದೆ ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ಹೈದರಾಬಾದಿನ ಸತ್ಯಂ ಕಂಪನಿಯಲ್ಲಿ ದೇಶ ನೋಡಿದೆ. 2008ರ ಡಿಸೆಂಬರ್ 16ರಂದು ಅಧ್ಯಕ್ಷ ರಾಮಲಿಂಗ ರಾಜು ಅವರ ಮಂಡಳಿ 160 ಕೋಟಿ ಡಾಲರ್ ಕೊಟ್ಟು ಮೇಟಾಸ್ ಹೆಸರಿನ ಎರಡು ಕಂಪನಿಗಳನ್ನು ತೆಗೆದುಕೊಳ್ಳಲು ತೀರ್ಮಾನಿಸಿತು. ಒಂದು ಪೂರ್ತಿ, ಇನ್ನೊಂದರಲ್ಲಿ 51 ಪರ್ಸೆಂಟ್. ನಡೆಸುತ್ತಿದ್ದವರು ರಾಜು ಅವರ ಮಕ್ಕಳು. ಸಾಫ್ಟ್‌ವೇರ್ ಕಂಪನಿಗೆ ಜಮೀನು, ಕಟ್ಟಡದ ವ್ಯವಹಾರ ಯಾಕೆ ಬೇಕಿತ್ತು? ಮಂಡಳಿಯಲ್ಲಿ ಹೆಸರಾಂತ ಪ್ರೊಫೆಸರುಗಳಿದ್ದರು, ಕೇಂದ್ರದ ಮಾಜಿ ಸಂಪುಟ ಕಾರ್ಯದರ್ಶಿ ಇದ್ದರು. ಒಪ್ಪಿದರು. ಶೇರುದಾರರನ್ನು ಕೇಳಲಿಲ್ಲ. ಸುದ್ದಿ ಹೊರಬಿದ್ದ ಕೂಡಲೇ ಹೂಡಿಕೆದಾರರು ತಿರುಗಿಬಿದ್ದರು, ಕೆಲವೇ ಗಂಟೆಗಳಲ್ಲಿ ತೀರ್ಮಾನ ವಾಪಸ್ಸಾಯಿತು. 2009ರ ಜನವರಿ 7ರಂದು ರಾಜು ಅವರೇ ಪತ್ರ ಬರೆದು ಒಪ್ಪಿಕೊಂಡರು: ಲೆಕ್ಕದಲ್ಲಿ ತೋರಿಸಿದ್ದ ನಗದಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ, ಮೇಟಾಸ್ ಖರೀದಿ ಆ ಹಳ್ಳ ಮುಚ್ಚುವ ಕೊನೆಯ ಪ್ರಯತ್ನವಾಗಿತ್ತು. ಮಕ್ಕಳ ಕಂಪನಿಗೆ ದುಡ್ಡು ಹೋಗುವುದನ್ನು ಹೊರಗಿನವರು ತಡೆದದ್ದರಿಂದಲೇ ಒಳಗಿನ ಹುಳುಕು ಬೇಗ ಬಯಲಾಯಿತು ಅಂತ ನನ್ನ ನಂಬಿಕೆ.

ಇನ್ನೊಂದು ನಮ್ಮ ಬೆಂಗಳೂರಿನದೇ. 2014ರ ನವೆಂಬರ್‌ನಲ್ಲಿ ಯುನೈಟೆಡ್ ಸ್ಪಿರಿಟ್ಸ್ ಕಂಪನಿ ಶೇರುದಾರರ ಮುಂದೆ 12 ಪ್ರಸ್ತಾವ ಇಟ್ಟಿತು. ಆಗ ಅಧ್ಯಕ್ಷರಾಗಿದ್ದವರು ವಿಜಯ್ ಮಲ್ಯ. ಅವರ ಗುಂಪಿನ ಸಂಸ್ಥೆಗಳ ಜೊತೆಗಿನ ಒಪ್ಪಂದಗಳೂ ಅದರಲ್ಲಿದ್ದವು. 12ರಲ್ಲಿ 9 ಬಿದ್ದುಹೋದವು. ಹೇಗೆ? ಇಂಥ ಪ್ರಸ್ತಾವ ಬಂದಾಗ ಸಂಬಂಧಪಟ್ಟವರು ತಾವೇ ಮತ ಹಾಕಿ ಪಾಸು ಮಾಡಿಸಿಕೊಳ್ಳುವಂತಿಲ್ಲ. ನಿಮ್ಮ ಕಂಪನಿಯಲ್ಲೂ ಅಷ್ಟೇ. ಆ ಒಂದು ವಿಷಯಕ್ಕೆ ಅಧ್ಯಕ್ಷರ 58 ಪರ್ಸೆಂಟ್ ಕೆಲಸಕ್ಕೆ ಬರೋದಿಲ್ಲ. ನಿಮ್ಮ 400 ಶೇರು ಬರುತ್ತದೆ.

ಆದರೆ ನಿಮ್ಮ ವಿಚಾರ ಅಲ್ಲಿಯವರೆಗೆ ಬರುವುದೇ ಕಷ್ಟ, ಇದನ್ನು ಮುಚ್ಚಿಟ್ಟರೆ ನಿಮಗೆ ಸುಳ್ಳು ಹೇಳಿದ ಹಾಗೆ. ಒಬ್ಬ ಸಂಬಂಧಿತರ ಜೊತೆ ವರ್ಷದ ವ್ಯವಹಾರ ಒಟ್ಟು ಸೇರಿ ಕಂಪನಿಯ ವಹಿವಾಟಿನ 10 ಪರ್ಸೆಂಟ್ ದಾಟಿದರೆ ಮಾತ್ರ ಶೇರುದಾರರ ಮತಕ್ಕೆ ಬರಬೇಕು. ನಿಮ್ಮ ಕಂಪನಿಯ ವಹಿವಾಟು 240 ಕೋಟಿ. ಅಂದರೆ 24 ಕೋಟಿ ದಾಟಬೇಕು. ಗೋದಾಮು ಎಲ್ಲಿ, 24 ಕೋಟಿ ಎಲ್ಲಿ? ಲಾರಿ ಬಾಡಿಗೆಯೂ ದಾಟಿರಲಾರದು. ಹಾಗಾಗಿ ಇದೆಲ್ಲ ಆಡಿಟ್ ಕಮಿಟಿಯಲ್ಲೇ ಮುಗಿಯುತ್ತದೆ.

ಹಾಗಾದರೆ ಆ ಕಮಿಟಿಯಲ್ಲಿ ಕೂರುವವರನ್ನು ಆರಿಸುವವರು ಯಾರು? ನೀವೇ! ಸ್ವತಂತ್ರ ನಿರ್ದೇಶಕರ ನೇಮಕಕ್ಕೆ ವಿಶೇಷ ನಿರ್ಣಯ ಬೇಕು, ಬಿದ್ದ ಮತಗಳಲ್ಲಿ ನಾಲ್ಕರಲ್ಲಿ ಮೂರು ಪಾಲು. ಅಷ್ಟು ಸಿಗದೇ ಹೋದರೆ, ಸರಳ ಬಹುಮತದ ಜೊತೆಗೆ ಹೊರಗಿನ ಶೇರುದಾರರಲ್ಲೂ ಬಹುಮತ ಇರಲೇಬೇಕು. ಹೇಗೇ ಬಂದರೂ ಹೊರಗಿನವರ ಬಾಗಿಲು ತಟ್ಟಬೇಕು. ಆದರೆ 'ಬಿದ್ದ ಮತ' ಅನ್ನುವ ಮಾತನ್ನು ಗಮನಿಸಿ. ಹೊರಗಿನವರ 42 ಪಾಲಿನಲ್ಲಿ ಬರೀ 2 ಪಾಲು ಮತ ಬಿದ್ದರೆ, 60ರಲ್ಲಿ 58 ಅಧ್ಯಕ್ಷರ ಕಡೆಯದೇ. ಆರಾಮಾಗಿ ಪಾಸು. ಅದೇ 42ರಲ್ಲಿ 20 ಪಾಲು ವಿರುದ್ಧ ಬಿದ್ದರೆ, 78ರಲ್ಲಿ 58. ನಾಲ್ಕರಲ್ಲಿ ಮೂರು ಪಾಲು ಮುಟ್ಟೋದಿಲ್ಲ. ನಾವು ಮತ ಹಾಕದೆ ಮನೆಯಲ್ಲಿ ಕೂತಿದ್ದಕ್ಕೇ ಎಷ್ಟೋ ಕಡೆ ಅಧ್ಯಕ್ಷರ ಸ್ನೇಹಿತರು 'ಸ್ವತಂತ್ರ' ನಿರ್ದೇಶಕರಾಗಿ ಕೂತಿದ್ದಾರೆ. ಸಭೆಗೆ ಹೋಗಲೇಬೇಕು ಅಂತಿಲ್ಲ. ಇ-ವೋಟಿಂಗ್ ಕನಿಷ್ಠ ಮೂರು ದಿನ ತೆರೆದಿರುತ್ತದೆ, ಸಭೆಯ ಹಿಂದಿನ ದಿನ ಸಂಜೆ 5ಕ್ಕೆ ಮುಚ್ಚುತ್ತದೆ.

ಈಗ ಮಾಡಬೇಕಾದ್ದು. ಮುಂದಿನ ಸಭೆಯವರೆಗೆ ಕಾಯಬೇಡಿ, ಕಂಪನಿ ಸೆಕ್ರೆಟರಿಗೆ ಈಗಲೇ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿ. ನಿಮ್ಮ ಶೇರು ಖಾತೆಯ ಫೋಲಿಯೋ ಅಥವಾ ಡಿಮ್ಯಾಟ್ ನಂಬರ್ ಬರೆಯಿರಿ. ಗೋದಾಮಿನ ಚದರಡಿ, ರೇಟು, ಅದಕ್ಕೆ ಮೊದಲು ಬೇರೆ ಕಡೆ ವಿಚಾರಿಸಿದರಾ, ಆಡಿಟ್ ಕಮಿಟಿ ಒಪ್ಪಿದ್ದು ಯಾವ ತಾರೀಖು, ಸಾಗಣೆ ಸಂಸ್ಥೆಯ ಮಾಲೀಕರು ಪ್ರವರ್ತಕರ ಗುಂಪಿಗೆ ಸೇರುತ್ತಾರಾ ಇಲ್ಲವಾ, ಇಷ್ಟು ಕೇಳಿ. ಕೋಪದ ಒಂದು ಮಾತೂ ಬೇಡ, ಗಾದೆಯೂ ಬೇಡ. ಪ್ರತಿಯನ್ನು ಆಡಿಟ್ ಕಮಿಟಿಯ ಅಧ್ಯಕ್ಷರ ಹೆಸರಿಗೂ ಕಳಿಸಿ. ಅವರ ಹೆಸರು ವರದಿಯಲ್ಲಿದೆ. ತಮ್ಮ ಹೆಸರಿಗೇ ಬಂದ ಪತ್ರವನ್ನು ಬದಿಗೆ ಸರಿಸೋದು ಅಷ್ಟು ಸುಲಭ ಅಲ್ಲ.

ನಿರ್ದೇಶಕರಿಗೆ ಸಂಬಂಧ ಇರುವ ಒಪ್ಪಂದಗಳಿಗೆಂದೇ 189ನೇ ಸೆಕ್ಷನ್ ಪ್ರಕಾರ ಒಂದು ರಿಜಿಸ್ಟರ್ ಇರುತ್ತದೆ. ಕಂಪನಿಯ ನೋಂದಾಯಿತ ಕಚೇರಿಯಲ್ಲಿ ಸದಸ್ಯರು ಅದನ್ನು ನೋಡಬಹುದು. ವಾರ್ಷಿಕ ಸಭೆ ಶುರುವಾದಾಗ ಅದನ್ನು ಹಾಜರು ಮಾಡಬೇಕು, ಸಭೆ ಮುಗಿಯುವವರೆಗೂ ನೋಡಲು ಸಿಗಬೇಕು. ಮೈಸೂರಿಗೆ ಬಂದ ದಿನ ಕಚೇರಿಗೆ ಹೋಗಿ ಕೇಳಿ. ಕಂಪನಿಯಿಂದ ಸರಿಯಾದ ಉತ್ತರ ಬರದಿದ್ದರೆ ಸೆಬಿಯ 'ಸ್ಕೋರ್ಸ್' ವೆಬ್‌ಸೈಟಿನಲ್ಲಿ ದೂರು ಕೊಡಿ. ಖರ್ಚಿಲ್ಲ. ಕಂಪನಿ 21 ದಿನದೊಳಗೆ ಉತ್ತರ ಕೊಡಬೇಕು. ಕಂಪನಿ ಕಾನೂನು ನ್ಯಾಯಮಂಡಳಿಯ ಬಾಗಿಲೂ ಇದೆ, ಅಲ್ಲಿಗೆ 100 ಸದಸ್ಯರು ಸೇರಿದರೆ ಸಾಕು. ಎರಡು ಬಸ್ಸಿನ ಜನ. ಆದರೆ ವಕೀಲರ ಖರ್ಚು, ವರ್ಷಗಟ್ಟಲೆ ಓಡಾಟ ಇರುತ್ತದೆ. ನಿಮ್ಮ ವಯಸ್ಸಿನಲ್ಲಿ ಅದನ್ನು ಮೊದಲಿಗೇ ಹಿಡಿಯಿರಿ ಅಂತ ನಾನು ಹೇಳಲಾರೆ.

ಶೇರು ಮಾರಬೇಕಾ ಅಂತ ಕೇಳಿದ್ದೀರಿ. ದುಡ್ಡಿನ ಅಗತ್ಯ ಇದ್ದರೆ ಮಾರಿ, ಅದರಲ್ಲಿ ಸೋಲೇನೂ ಇಲ್ಲ. ಅಗತ್ಯ ಇಲ್ಲದಿದ್ದರೆ ಪತ್ರಕ್ಕೆ ಉತ್ತರ ಬರುವವರೆಗೆ ಇಟ್ಟುಕೊಳ್ಳಿ. ಎಲ್ಲ ಮಾರಿಬಿಟ್ಟರೆ ಆ ರಿಜಿಸ್ಟರ್ ತೆರೆಸುವ ಹಕ್ಕೂ ಹೋಗುತ್ತದೆ.

ಇದೇ ಕಂಪನಿಯ ಶೇರು ಇರುವ ಇನ್ನೂ ನಾಲ್ಕು ಜನ ದಿನಾ ಸಂಜೆ ನಿಮ್ಮ ಜೊತೆ ವಾಕಿಂಗ್ ಬರುತ್ತಾರೆ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಈ ಹಾಳೆಯನ್ನು ಅವರಿಗೂ ಓದಿಸಿ. ಸೆಕ್ರೆಟರಿಗೆ ಹೋಗುವ ಪತ್ರಕ್ಕೆ ಐದು ಸಹಿ ಬೀಳಲಿ. ಉತ್ತರ ಬಂದ ದಿನ ಅದರ ಒಂದು ಜೆರಾಕ್ಸ್ ನನಗೂ ಕಳಿಸಿ. ನಿಮ್ಮ ಕೆಂಪು ಪೆನ್ನಿನ ಗುರುತುಗಳ ಜೊತೆಗೆ.

— ಸಂಪಾದಕ